ಒಂದು ನಿಮಿಷದ ದೂರು

ಗುರುವಾರ

ನನ್ನ ಸಿಡುಕಿನ ಅಮ್ಮನಿಗೆ,

ಇವತ್ತು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಕೈಚೀಲವನ್ನು ತೊಡೆಗೆ ತಟ್ಟುತ್ತಾ ತುಟಿಯಲ್ಲೇ ಏನೋ ಉರುಹೊಡೆಯುತ್ತಿದ್ದರು. ಪ್ರಾರ್ಥನೆ ಇರಬೇಕು ಅಂದುಕೊಂಡೆ. ಹತ್ತಿರ ಹೋದಾಗ ಕೇಳಿಸಿತು: ಚರಂಡಿಯ ವಿಷಯ. ನಮ್ಮ ಕಚೇರಿಗೆ ಫೋನ್ ಮಾಡುವ ಮುಂಚಿನ ಅಭ್ಯಾಸ!

ನಿನ್ನ ಹಾಡಿನ ತರಗತಿಯ ವಾರ್ಷಿಕೋತ್ಸವಕ್ಕೆ ರ‍್ಯಾಪ್ ವಿರುದ್ಧ ಭಾಷಣ ಬರೆದುಕೊಡಲು ಕೇಳಿದ್ದೆಯಲ್ಲ, “ಸಾಹಿತ್ಯ ಓದಿದ್ದೀಯ, ಇಷ್ಟೂ ಆಗಲ್ವೇನೇ?” ಅಂತ. ಪಕ್ಕದ ಗ್ಯಾರೇಜಿನಲ್ಲಿ ಆ ‘ಗುಡುಗು’ ಎಂಬ ಹುಡುಗ ರ‍್ಯಾಪ್ ಕಲಿಸಲು ಶುರುಮಾಡಿದಂದಿನಿಂದ ನಿನ್ನ ತರಗತಿಯ ಮಕ್ಕಳೆಲ್ಲ ಗೋಡೆ ಹಾರಿದ್ದಾರೆ. ಉಳಿದವರು ಇಬ್ಬರೇ. ಅವರಲ್ಲೊಬ್ಬಳಿಗೆ ಗೋಡೆ ಹತ್ತಲು ಬರುವುದಿಲ್ಲ ಅಂತ ಅಪ್ಪ ಹೇಳಿದರು. ಈ ಭಾನುವಾರ ಪೋಷಕರ ಮನಸ್ಸು ತಿರುಗದಿದ್ದರೆ ತರಗತಿಗೆ ಬೀಗ ಬೀಳುತ್ತದೆಂದು ನನಗೂ ಗೊತ್ತು.

ಭಾಷಣ ಶುರುಮಾಡಿದೆ. ‘ಇದು ಸಂಗೀತವೇ ಅಲ್ಲ’ ಎಂದು ಬರೆದು, ಪೆನ್ನು ಕಚ್ಚುತ್ತಾ ಕೂತೆ. ಮುಂದಿನ ಸಾಲು ಬರಲೇ ಇಲ್ಲ.

ನಮ್ಮ ನಗರ ಕಚೇರಿಯ ದೂರು ವಿಭಾಗದಲ್ಲಿ ಒಂದು ನಿಮಿಷವಾದ ಕೂಡಲೇ ಯಂತ್ರವೇ ಕರೆ ಕತ್ತರಿಸುತ್ತದೆ. ಒಬ್ಬ ಬೇಕರಿಯಣ್ಣ ಮೊದಲ ಸಲ ತಮ್ಮ ವಿಳಾಸ, ತಾತನ ಕಾಲದ ಅಂಗಡಿ ಎಲ್ಲ ವಿವರಿಸುತ್ತಿರುವಾಗಲೇ ಫೋನ್ ಢಮಾರ್. ಮರುದಿನ ಉಸಿರುಬಿಡದೆ ಶುರುಮಾಡಿದರು: “ದೀಪ ಇಲ್ಲ, ದಾರಿ ಇಲ್ಲ, ಬಿದ್ದೆ ಸ್ವಾಮಿ ಗುಂಡೀಲಿ; ಕೇಕು ಕೆಸರಲ್ಲಿ ಈಜ್ತಾ ಇದೆ, ಕೆನೆ ಮಾತ್ರ ಬಂಡೀಲಿ!” ಊಟದ ಹೊತ್ತಿಗೆ ಇಡೀ ಕಚೇರಿ ಅದನ್ನೇ ಗುನುಗುತ್ತಿತ್ತು. ಸಂಜೆಗೆ ಗುಂಡಿ ಮುಚ್ಚಿತು. ಅವರಿಗಿಂತ ಮೊದಲು ದೂರು ಕೊಟ್ಟು ಕಾಯುತ್ತಿರುವವರ ನೆನಪು ಯಾರಿಗೂ ಇರಲಿಲ್ಲ.

ರ‍್ಯಾಪ್ ಯಾಕೆ ಗೆದ್ದಿತೆಂದು ನನಗೆ ಹೊಳೆದದ್ದು ಆಗ. ಹಾಡಲು ಕಂಠ ಬೇಕು, ನಿನ್ನಂಥ ಗುರು ಬೇಕು, ಗುರುವಿನ ಕೈಲಿ ಬೈಸಿಕೊಳ್ಳುವ ತಾಳ್ಮೆ ಬೇಕು. ಇದಕ್ಕೆ ತಟ್ಟಲು ಒಂದು ಮೇಜು, ಹೇಳಲೇಬೇಕಾದ ಒಂದು ಮಾತು ಇದ್ದರೆ ಸಾಕು. ಎದುರಿನವರು ಯಾವಾಗ ಫೋನ್ ಇಡುತ್ತಾರೋ ಎಂಬ ಆತಂಕದಲ್ಲಿ ಬದುಕುವವರು ಎಲ್ಲ ಊರುಗಳಲ್ಲೂ ಇದ್ದಾರಮ್ಮ. ಅದರಲ್ಲಿ ಬಡಾಯಿ ಇದೆ, ಹೊಲಸು ಬೈಗುಳವೂ ಇದೆ, ನಿಜ. ದೂರು ವಿಭಾಗದಲ್ಲೂ ಅವಕ್ಕೇನು ಬರವಿಲ್ಲ.

ಆದ್ದರಿಂದ ಭಾಷಣ ಬರೆಯುತ್ತಿಲ್ಲ. ಭಾನುವಾರ ನಾನೇ ಬರುತ್ತೇನೆ. ವೇದಿಕೆ ಕಂಡರೆ ನನ್ನ ನಾಲಿಗೆ ಒಣಗುತ್ತದೆಂದು ನಿನಗೆ ಗೊತ್ತು. ಚಿಂತೆ ಬೇಡ, ಅಲ್ಲಿ ಮಾತಾಡುವುದು ನಾನಲ್ಲ.

ಇಂತಿ,
ಮೆಲುದನಿಯ ನಿನ್ನ ಮಗಳು

ಮರೆತಿದ್ದೆ: ನಿನ್ನೆ ಮಧ್ಯಾಹ್ನ ಗುಡುಗಿನ ಮೇಲೆ ದೂರು ಕೊಡಲು ನೀನು ಮಾಡಿದ ಕರೆ ಬಂದದ್ದು ನನಗೇ. ನನ್ನ ದನಿ ನಿನಗೆ ಗೊತ್ತಾಗಲಿಲ್ಲ. ನಾನು ಬಾಯಿ ತೆರೆಯಲು ನೀನು ಬಿಟ್ಟರಲ್ಲವೇ? “ಗೋಡೆ ಆಚೆ ಢಂ ಢಂ ಢಂ, ಗೋಡೆ ಈಚೆ ನಾನು, ಗಂಟಲು ಸವೆಸಿ ಕಲಿಸಿದ್ದಕ್ಕೆ ಸಿಕ್ಕ ಬಹುಮಾನ ಇದೇನು?” ಅಂದೆ ನೀನು, ತಾಳ ಹಾಕುತ್ತಾ, ಒಂದು ಪೆಟ್ಟೂ ತಪ್ಪದೆ. ನಮ್ಮಲ್ಲಿ ಎಲ್ಲ ಕರೆಗಳೂ ಮುದ್ರಣವಾಗುತ್ತವೆ; ಮೇಲಧಿಕಾರಿ ನಿನ್ನದನ್ನು ಎರಡು ಸಲ ಹಾಕಿಸಿ ಕೇಳಿದರು. ಅವರ ಒಪ್ಪಿಗೆ ಪಡೆದು ಆ ಧ್ವನಿಮುದ್ರಣವನ್ನು ಫೋನಿಗೆ ಹಾಕಿಕೊಂಡಿದ್ದೇನೆ. ಭಾಷಣದ ಹೊತ್ತಿಗೆ ಮೈಕಿನ ಮುಂದೆ ಹಿಡಿಯುವುದು ಅದನ್ನೇ. ನೀನು ಮುನಿಸಿಕೊಂಡರೂ ಸರಿ, ರ‍್ಯಾಪ್ ಕಲಿಸಬಲ್ಲವರು ಗೋಡೆಯ ಈಚೆಗೂ ಇದ್ದಾರೆಂದು ಪೋಷಕರಿಗೆ ಗೊತ್ತಾಗಲಿ.