ಅತ್ತಿಗೆ ತಿರುಗಿಸಿದ ತಿರುಪು

ಕೋಣಂದೂರು

ಅಪ್ಪಯ್ಯನಿಗೆ ನಮಸ್ಕಾರ.

ಸಾಗರದ ಪ್ರದರ್ಶನದಲ್ಲಿ ನಿಮ್ಮ ತಂತಿ ಕಚೇರಿಯ ಹಳೆಯ ರಿಲೇಗಳನ್ನು ನೋಡಿದೆ. ದೂರದಿಂದ ಸೊರಗಿ ಬಂದ ಸಂಕೇತಕ್ಕೆ ಬಲ ಕೊಟ್ಟು ಮುಂದೆ ಕಳಿಸುವುದು ಅವುಗಳ ಕೆಲಸವೆಂದು ಸುಮನಾ ಅತ್ತಿಗೆ ಜನರಿಗೆ ಚೆನ್ನಾಗಿಯೇ ವಿವರಿಸಿದರು. ಸಾದಾ ರಿಲೇ ಕರೆಂಟು ಬಂದರೆ ಸಾಕು, ಬಡಿಯುತ್ತದೆ. ಪೋಲರೈಸ್ಡ್ ರಿಲೇ ಕರೆಂಟು ಹರಿಯುವ ದಿಕ್ಕನ್ನೂ ಗುರುತಿಸುತ್ತದಂತೆ. ಅದರ ಹದ ಮಾಡುವ ತಿರುಪನ್ನು ಅವರೇ ತಿರುಗಿಸಿದರು. ನೀವು ಪಕ್ಕದಲ್ಲಿ ನಗುತ್ತಾ ನಿಂತಿದ್ದಿರಿ.

ಚಿಕ್ಕಂದಿನಲ್ಲಿ ನಾನು ಈ ರಿಲೇಗಳ ಹತ್ತಿರ ಹೋದರೆ, "ಮುಟ್ಬೇಡ ಮಾರಾಯ್ತಿ, ಹದ ತಪ್ತದೆ" ಎನ್ನುತ್ತಿದ್ದಿರಿ.

ಪ್ರದರ್ಶನದಿಂದ ನಿಮ್ಮನ್ನು ಮಾತಾಡಿಸದೆಯೇ ಬಸ್ಸು ಹತ್ತಿದೆ.

ಭಾನುವಾರ ಬರುತ್ತೇನೆ. ನನಗೂ ಹದ ಮಾಡುವುದನ್ನು ಕಲಿಸಿ. ಅಡುಗೆ ನಾನೇ ಮಾಡುತ್ತೇನೆ; ಅತ್ತಿಗೆ ಅವತ್ತು ತವರಿಗೆ ಹೋಗಿ ಬರಲಿ.

ನಿಮ್ಮ ಒಬ್ಬಳೇ ಮಗಳು,
ಧನ್ಯಶ್ರೀ