ಮರಿ ಎಂದು ಕರೆದದ್ದಕ್ಕೆ

ಬೀಗಿತ್ತಿಯವರಿಗೆ ನಮಸ್ಕಾರ.

ನಾನು ನಿಮ್ಮ ಅಳಿಯನ ತಾಯಿ. ಈ ಮನೆಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಮಗ ಇದನ್ನು ನಿಮ್ಮ ಭಾಷೆಗೆ ತಿರುಗಿಸುತ್ತಾನೆ. ಮೆತ್ತಗೆ ಮಾಡಬೇಡವೆಂದು ಹೇಳಿದ್ದೇನೆ.

ತಿಂಗಳು ತುಂಬದೆ ಹುಟ್ಟಿದ ಮೊಮ್ಮಗಳು ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. "ಉಸಿರಾಡೇ, ಮರಿ" ಎಂದೆ. ನಮ್ಮ ಮಾತಿನಲ್ಲಿ ಎಳೆಗೂಸನ್ನು ಮುದ್ದಿಗೆ ಹಾಗೆ ಕರೆಯುತ್ತೇವೆ. ಸೊಸೆ ಬಿಳಿಚಿಕೊಂಡಳು. ಹಸುಗೂಸಾಗಿದ್ದಾಗಲೇ ತೀರಿಕೊಂಡ ನಿಮ್ಮ ಕಿರಿಮಗಳ ಹೆಸರೂ ಅದೇ ಎಂದು ಆಮೇಲೆ ತಿಳಿಯಿತು. ಅಂದಿನಿಂದ ಅವಳು ಸರಿಯಾಗಿ ಉಂಡಿಲ್ಲ, ನನ್ನ ಮುಖ ನೋಡಿಲ್ಲ. "ಅದು ಬರೀ ಮಾತು ಕಣೇ" ಎಂದು ಗದರಿದೆ. ಆದರೆ ಮಗುವಿನ ಉಸಿರು ತಡೆದಾಗಲೆಲ್ಲ, ಆ ಹೆಸರೇ ತಟ್ಟಿತೇನೋ ಎಂದು ನಾನೂ ಹೆದರುತ್ತೇನೆ.

ಕೂಡಲೇ ಹೊರಟು ಬನ್ನಿ. ಮಗುವನ್ನು ಹಾಗೆ ಕರೆಯುವುದನ್ನು ನಾನು ಬಿಟ್ಟಿದ್ದೇನೆ. ಸೊಸೆಯ ಕೋಣೆಯಿಂದ ನನ್ನ ಮಂಚ ತೆಗೆಸಿ, ಅಲ್ಲಿ ನಿಮಗೆ ಹಾಸಿಗೆ ಹಾಸಿದ್ದೇನೆ.

ಇತಿ,
ಮಗುವಿನ ಇನ್ನೊಬ್ಬ ಅಜ್ಜಿ