ದೋಸೆಗೆ ದೀಪದ ಎಣ್ಣೆ

ರೀ,

ಮಾರತ್ತಹಳ್ಳಿ ಟ್ರಾಫಿಕ್ಕಿಗೆ ಹೆದರಿ ಬೇಗ ಹೊರಟೆ. ಮಧ್ಯಾಹ್ನದ ಅಡುಗೆ ನಿಮ್ಮದೇ.

ಒಗ್ಗರಣೆಗೆ ಒಲೆ ಪಕ್ಕದ ಸ್ಟೀಲ್ ಡಬ್ಬಿಯ ಕಡ್ಲೆಕಾಯಿ ಎಣ್ಣೆ ಹಾಕಿ. ದೇವರ ಮನೆಯಲ್ಲಿರುವುದು ದೀಪದ ಎಣ್ಣೆ, ದಯವಿಟ್ಟು ಮುಟ್ಟಬೇಡಿ. ನಿನ್ನೆ ಅದರಲ್ಲೇ ದೋಸೆ ಹುಯ್ದಿರಲ್ಲ, ಮಾವ ಒಂದು ತುತ್ತು ಬಾಯಿಗಿಟ್ಟು, “ಇದೇನವ್ವಾ, ದೋಸೆ ಗುಡಿ ವಾಸ್ನೆ ಒಡೀತೈತೆ! ತಿನ್ನಾದಾ, ಕೈ ಮುಗಿಯಾದಾ?” ಅಂದರು.

ಅವರ ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿ. ಪಾಪು ತಲೆಗೆ ಕೊಬ್ಬರಿ ಎಣ್ಣೆ. ಕಿರುಗುಟ್ಟುವ ಬಾಗಿಲಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಡಿ, ನನ್ನ ಬಾದಾಮಿ ಎಣ್ಣೆಯನ್ನಲ್ಲ!

ಇವತ್ತೂ ನಿಮ್ಮ ಅಡುಗೆ ಅಂತ ಗೊತ್ತಾಗಿ ಮಾವ ಬೆಳಿಗ್ಗೆಯೇ ಏಕಾದಶಿ ಉಪವಾಸ ಅಂದುಬಿಟ್ಟಿದ್ದಾರೆ. ಕ್ಯಾಲೆಂಡರ್ ನೋಡಿದೆ, ಏಕಾದಶಿ ಮುಂದಿನ ವಾರ. ಸಕ್ಕರೆ ಕಾಯಿಲೆಯವರು, ಹೇಗಾದರೂ ರಮಿಸಿ ಉಣ್ಣಿಸಿ.

ಮಹಾಲಕ್ಷ್ಮಿ